ಚೊಗರನ್ನೂ ಅಳೆದು ಕೊಳ್ಳುವ ವ್ಯವಸ್ಥೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಅಡಿಕೆ ಸುಗ್ಗಿ ಮುಗಿಯುತ್ತಾ ಬಂದಿದೆ. ಮಂಡಿ ಧಾರಣೆಯ ಏರಿಳಿತ, ಎಲೆಚುಕ್ಕಿ ರೋಗ, ಕೊಳೆಯಿಂದಾದ ನಷ್ಟ, ಇವುಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈ ಸಾಲಿನಲ್ಲಿ ಹಲವು ಪತ್ರಗಳು ಪ್ರಕಟವಾಗಿವೆ. ಅವೆಲ್ಲವೂ ಬರಬೇಕಾದ ಪತ್ರಗಳೇ. ಆದರೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಕೊನೆಗೆ ಉಳಿಯುವ ಚೊಗರು ಏನಾಗುತ್ತದೆ, ಅದು ಎಲ್ಲಿಗೆ ಹೋಗಬೇಕಿತ್ತು, ಈಗ ಎಲ್ಲಿಗೆ ಹೋಗುತ್ತಿದೆ ಎಂಬ ಬಗ್ಗೆ ಯಾರಾದರೂ ಬರೆದದ್ದನ್ನು ನಾನು ಕಾಣಲಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ, ಈಗ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎರಡು ಎಕರೆ ತೋಟ ನೋಡಿಕೊಂಡಿರುವ ನಾನು, ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ತೋಟದ ಕೆಳಗಿನ ಹಳ್ಳಕ್ಕೆ ಇಳಿದಾಗ, ಕಲ್ಲುಗಳ ನಡುವೆ ನಿಂತ ನೀರು ಗಟ್ಟಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಕಂದು ನೊರೆ ಕಟ್ಟಿತ್ತು. ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ಬದಿಗೆ ಬಂದು ಬಿದ್ದಿದ್ದವು. ಮೇಲಿನ ಊರಿನಲ್ಲಿ ಚೇಣಿ (ತೋಟದ ಫಸಲನ್ನು ಗುತ್ತಿಗೆಗೆ ಪಡೆದ) ಅಡಿಕೆ ಬೇಯಿಸುವ ಕಡೆ ಎರಡು ದೊಡ್ಡ ಹಂಡೆಗಳ ಚೊಗರನ್ನು ಹಿಂದಿನ ಸಂಜೆ ಹಾಗೆಯೇ ಚರಂಡಿಗೆ ಬಿಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಕೊಳ್ಳುವವರಿಲ್ಲದ, ಇಡಲು ಜಾಗವಿಲ್ಲದ, ನಾಲ್ಕು ದಿನ ಬಿಟ್ಟರೆ ಬೂಸಲು ಬರುವ ವಸ್ತುವನ್ನು ಅವರು ಬೇರೇನು ಮಾಡಬೇಕಿತ್ತು ಎಂಬುದೇ ನನ್ನ ಪ್ರಶ್ನೆ.

ಚೊಗರು ಏನೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲವಾದರೂ, ಬಯಲುಸೀಮೆಯಲ್ಲಿ ಹೊಸದಾಗಿ ಅಡಿಕೆ ಹಾಕಿದವರು ಈಗ ಬಹಳ ಮಂದಿ ಇರುವುದರಿಂದ ಒಂದೆರಡು ಮಾತು ಹೇಳುತ್ತೇನೆ. ಕೆಂಪಡಿಕೆಗೆ ನಾವು ಹಣ್ಣಾಗುವ ಮೊದಲೇ, ಹಸಿರು ಕಾಯಿಯನ್ನೇ ಕೊಯ್ಯುತ್ತೇವೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯ ನೀರಿಗೆ ಹಾಕಿ ಕುದಿಸಿದಾಗ ಅದರ ಒಗರೆಲ್ಲ ನೀರಿಗಿಳಿಯುತ್ತದೆ. ಒಂದು ಸಲಕ್ಕೆ ಬೇಯಿಸುವ ಅಡಿಕೆಗೆ ಒಬ್ಬೆ ಎನ್ನುತ್ತೇವೆ. ಅದೇ ನೀರಿನಲ್ಲಿ ಎರಡನೆಯ ಒಬ್ಬೆ, ಮೂರನೆಯ ಒಬ್ಬೆ, ಹೀಗೆ ಬೇಯಿಸುತ್ತ ಹೋದಂತೆ ನೀರು ಕೆಂಪೇರಿ, ಮಂದವಾಗಿ, ಕೊನೆಗೆ ಸಟ್ಟುಗಕ್ಕೆ ಅಂಟುವಷ್ಟು ಗಟ್ಟಿಯಾಗುತ್ತದೆ. ಇದೇ ಚೊಗರು. ಹಿಂದಿನ ವರ್ಷದ ಚೊಗರನ್ನು ಜೋಪಾನ ಮಾಡಿಟ್ಟು, ಈ ವರ್ಷದ ಮೊದಲ ಒಬ್ಬೆಗೆ ಬೆರೆಸಿದರೆ ಅಡಿಕೆಗೆ ಒಳ್ಳೆಯ ಬಣ್ಣವೂ ಹೊಳಪೂ ಬರುತ್ತವೆ ಎಂಬುದು ಹಿರಿಯರಿಂದ ಬಂದ ತಿಳಿವಳಿಕೆ. ರಾಶಿ ಇಡಿಯಾಗಲಿ, ಬೆಟ್ಟೆಯಾಗಲಿ, ಕೆಂಪಡಿಕೆ ಯಾವ ಬಗೆಯದಾದರೂ ಮಂಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆ ಬಣ್ಣವೇ. ಹಸಿರು ಕಾಯಿಯಲ್ಲಿ ಒಗರಿನ ಅಂಶ ಹಣ್ಣಡಿಕೆಗಿಂತ ಹೆಚ್ಚಿರುವುದರಿಂದ, ಹಣ್ಣಡಿಕೆಯನ್ನು ಬೇಯಿಸದೆ ಒಣಗಿಸಿ ಚಾಲಿ ಮಾಡುವ ಕರಾವಳಿಯವರಿಗೆ ಸಿಗದ ಈ ಸಾರ ಕೆಂಪಡಿಕೆ ಮಾಡುವ ನಮಗೆ ಪ್ರತಿ ವರ್ಷವೂ ತಾನಾಗಿ ಸಿಗುತ್ತದೆ.

ಈ ಒಗರಿಗೆ ವಿಜ್ಞಾನದಲ್ಲಿರುವ ಹೆಸರು ಟ್ಯಾನಿನ್. ಪ್ರೋಟೀನನ್ನು ಕಂಡರೆ ಬಿಗಿಯಾಗಿ ಹಿಡಿದುಕೊಳ್ಳುವುದು ಅದರ ಸ್ವಭಾವ. ಎಳೆ ಅಡಿಕೆ ಕಚ್ಚಿದಾಗ ನಾಲಿಗೆ ಜಡ್ಡುಗಟ್ಟಿದಂತಾಗುವುದು ಎಂಜಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದು ಹೆಪ್ಪುಗಟ್ಟಿಸುವುದರಿಂದ. ಹಸಿ ಚರ್ಮವನ್ನು ಟ್ಯಾನಿನ್ ನೀರಿನಲ್ಲಿ ನೆನೆಹಾಕಿದಾಗ ಅದು ಕೊಳೆಯದೆ ಹದಗೊಂಡು ತೊಗಲಾಗುವುದೂ ಇದೇ ಕಾರಣದಿಂದ. ಕಬ್ಬಿಣವನ್ನು ಕಂಡರೆ ಟ್ಯಾನಿನ್ ಕಪ್ಪಾಗುತ್ತದೆ. ಮೆಟ್ಟುಗತ್ತಿಯ ಮೇಲೆ ಕುಳಿತು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಹೆಂಗಸರ ಹೆಬ್ಬೆರಳು ಸುಗ್ಗಿ ಮುಗಿಯುವವರೆಗೂ ಕಪ್ಪಾಗಿಯೇ ಇರುತ್ತದೆ. ಸಾಬೂನಿಗೆ ಹೋಗದ ಆ ಕಲೆ ನಿಂಬೆ ಹೋಳಿನಿಂದ ತಿಕ್ಕಿದರೆ ತಿಳಿಯಾಗುತ್ತದೆ. ಅದು ಕೊಳೆಯಲ್ಲ, ಕತ್ತಿಯ ಕಬ್ಬಿಣವೂ ಅಡಿಕೆಯ ಟ್ಯಾನಿನ್ನೂ ಸೇರಿ ಆದ ಮಸಿ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಬೆರೆಸಿ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ನಮ್ಮ ಹಿರಿಯರು ಅಡಿಕೆ ಬೇಯಿಸಲು ಕಬ್ಬಿಣದ ಬಾಣಲೆಯನ್ನು ಬಿಟ್ಟು ಅಷ್ಟು ಬೆಲೆಯ ತಾಮ್ರದ ಹಂಡೆಯನ್ನೇ ಏಕೆ ಇಟ್ಟುಕೊಂಡಿದ್ದರು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ: ಕಬ್ಬಿಣದಲ್ಲಿ ಬೆಂದ ಅಡಿಕೆ ಕೆಂಪಾಗುವ ಬದಲು ಕರ್ರಗಾಗುತ್ತದೆ.

ಚೊಗರನ್ನೂ ಕಾಚನ್ನೂ ಒಂದೇ ಎಂದು ತಿಳಿಯುವವರು ಇಂದಿಗೂ ಇದ್ದಾರೆ. ಈ ಗೊಂದಲ ಹಳೆಯದು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಅಡಿಕೆ ಮರಕ್ಕೆ ಕೊಟ್ಟ ಅರೆಕಾ ಕೆಟೆಚು ಎಂಬ ಹೆಸರಿನಲ್ಲಿರುವ ಎರಡನೆಯ ಪದ ಕಾಚಿನದೇ. ಆದರೆ ಎಲೆಗೆ ಹಚ್ಚುವ ಕಾಚು ಕಗ್ಗಲಿ ಮರದ ಕೆಚ್ಚಿನಿಂದ, ಎಂದರೆ ಕಾಂಡದ ಒಳಗಿನ ಗಟ್ಟಿ ಭಾಗದಿಂದ, ಬರುತ್ತದೆ. ಕೆಚ್ಚನ್ನು ಚೆಕ್ಕೆ ಮಾಡಿ ಕುದಿಸಿ, ಸೋಸಿ, ಬತ್ತಿಸಿ ತಣ್ಣಗೆ ಇಟ್ಟಾಗ ಹರಳುಗಟ್ಟುವ ಭಾಗ ತಿನ್ನುವ ಕಾಚಾಗುತ್ತದೆ. ಉಳಿದ ಕಂದು ದ್ರವವನ್ನು ಒಣಗಿಸಿದರೆ ಮೀನಿನ ಬಲೆಗೂ ಹಾಯಿಬಟ್ಟೆಗೂ ಬಣ್ಣಕ್ಕೂ ಬಳಸುವ ಗಟ್ಟಿ ಸಾರ ಸಿಗುತ್ತದೆ. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1803ರಲ್ಲಿ ನಮ್ಮ ದೇಶದ ಕಾಚನ್ನು ಪರೀಕ್ಷಿಸಿ, ಮುಂಬಯಿಯಿಂದ ಬಂದ ಮಾದರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಟ್ಯಾನಿನ್ ಇದೆಯೆಂದೂ, ಚರ್ಮ ಹದ ಮಾಡಲು ಒಂದು ಪೌಂಡ್ ಕಾಚು ಏಳೆಂಟು ಪೌಂಡ್ ಓಕ್ ತೊಗಟೆಗೆ ಸಮವೆಂದೂ ವರದಿ ಮಾಡಿದ್ದರು. ಇನ್ನೂರು ವರ್ಷಗಳ ಹಿಂದೆಯೇ ಅಳೆದು ನೋಡಿ ಬೆಲೆ ಕಟ್ಟುವ ಕ್ರಮ ಕಾಚಿಗೆ ಬಂದಿತ್ತು. ಚೊಗರಿಗೆ ಇನ್ನೂ ಬಂದಿಲ್ಲ.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ಕಾಚು ಬೇಕೆಂದರೆ ಕಗ್ಗಲಿಯನ್ನು ಬುಡಸಹಿತ ಕಡಿಯಬೇಕು, ಏಕೆಂದರೆ ಸಾರ ಇರುವುದು ಕೆಚ್ಚಿನಲ್ಲಿ. ಹೊನ್ನೆಯ ಕೆಂಪು ಅಂಟು ಬೇಕೆಂದರೆ ಮರಕ್ಕೆ ಗಾಯ ಮಾಡಬೇಕು. ತಂಗಡಿ, ಮತ್ತಿ, ಕಕ್ಕೆಗಳ ಟ್ಯಾನಿನ್ ಬೇಕೆಂದರೆ ತೊಗಟೆ ಸುಲಿಯಬೇಕು. ಚೊಗರಿಗಾಗಿ ಒಂದು ಕಡ್ಡಿಯನ್ನೂ ಮುರಿಯಬೇಕಾಗಿಲ್ಲ; ಅಡಿಕೆಗಾಗಿ ಹೇಗೂ ಉರಿಸುವ ಒಲೆಯ ಮೇಲೆಯೇ ಅದು ತಯಾರಾಗುತ್ತದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳು ಬೋಳಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಬಳಕೆಯ ವಿಷಯ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಬಳಸುವ ನೈಸರ್ಗಿಕ ಬಣ್ಣಗಳಲ್ಲಿ ಅಡಿಕೆ ಚೊಗರೂ ಒಂದು. ಹತ್ತಿ ಬಟ್ಟೆಗೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಟ್ಯಾನಿನ್ ಮೊದಲು ನೂಲಿಗೆ ಅಂಟಿಕೊಂಡು, ಆಮೇಲೆ ಬರುವ ಪಟಿಕವನ್ನೋ ಬಣ್ಣವನ್ನೋ ತಾನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ನಾನೇ ಮಾಡಿ ನೋಡಿದ್ದನ್ನು ಹೇಳುವುದಾದರೆ, ಚೊಗರಿನಲ್ಲಿ ಕುದಿಸಿದ ಹಳೆಯ ಬಿಳಿ ಪಂಚೆ ಒಣಗಿದಾಗ ತಿಳಿ ಇಟ್ಟಿಗೆ ಬಣ್ಣ ತಾಳಿತು. ಅದರದೇ ಇನ್ನೊಂದು ತುಂಡನ್ನು ಸುಣ್ಣದ ತಿಳಿಯಲ್ಲಿ ಅದ್ದಿದಾಗ ಕೆಂಪು ಗಾಢವಾಯಿತು. ಮೂರನೆಯದನ್ನು ಚಿಟಿಕೆ ಅನ್ನಭೇದಿ ಕರಗಿಸಿದ ನೀರಿಗೆ ಹಾಕಿದ ಕ್ಷಣಕ್ಕೆ, ಕೈಯಲ್ಲಿ ಹಿಡಿದಿದ್ದಂತೆಯೇ, ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿತು. ಒಂದೇ ಹಂಡೆಯ ನೀರಿನಿಂದ ಮೂರು ಬಣ್ಣ. ಹತ್ತಾರು ಬಾರಿ ಒಗೆದರೂ ಆ ತುಂಡುಗಳ ಬಣ್ಣ ಇನ್ನೂ ಉಳಿದಿದೆ.

ಚರ್ಮದ ಉದ್ಯಮ ಇದಕ್ಕಿಂತ ದೊಡ್ಡ ಗಿರಾಕಿಯಾಗಬಲ್ಲದು. ಇಂದು ಹೆಚ್ಚಿನ ಚರ್ಮವನ್ನು ಕ್ರೋಮಿಯಂ ಲವಣದಿಂದ ಹದ ಮಾಡುತ್ತಾರೆ. ತಮಿಳುನಾಡಿನ ವೆಲ್ಲೂರು ಭಾಗದಲ್ಲಿ ಹದಗಾರಿಕೆಯ ಘಟಕಗಳು ಪಾಲಾರ್ ನದಿಗೂ ಬಾವಿಗಳಿಗೂ ಮಾಡಿದ ಹಾನಿಯ ಕುರಿತು ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು ಈಗಲೂ ಪಾಠವಾಗಿದೆ. ಸಸ್ಯಜನ್ಯ ಟ್ಯಾನಿನ್‌ನಿಂದ ಹದ ಮಾಡಿದ ಚರ್ಮಕ್ಕೆ ಬೇರೆಯೇ ಬೇಡಿಕೆಯಿದೆ. ಅದಕ್ಕಾಗಿ ವ್ಯಾಟಲ್ ಮರದ ತೊಗಟೆಯ ಸಾರವನ್ನು ನಾವು ಹೊರದೇಶಗಳಿಂದ ತರಿಸಿಕೊಳ್ಳುತ್ತಿದ್ದೇವೆ. ಚೊಗರಿನ ಟ್ಯಾನಿನ್ ರಾಸಾಯನಿಕವಾಗಿ ವ್ಯಾಟಲ್ ಮತ್ತು ಕಾಚಿನ ಗುಂಪಿಗೇ ಸೇರಿದ್ದು. ಸಸ್ಯಜನ್ಯವೆಂದ ಮಾತ್ರಕ್ಕೆ ಅದರ ತ್ಯಾಜ್ಯ ನೀರು ನಿರಪಾಯಕಾರಿ ಎಂದು ನಾನು ಹೇಳುವುದಿಲ್ಲ, ನಮ್ಮ ಹಳ್ಳದ ಮೀನುಗಳೇ ಅದಕ್ಕೆ ಸಾಕ್ಷಿ. ಆದರೆ ಚೆನ್ನೈನಲ್ಲಿ 1948ರಿಂದ ಇರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಂಥ ಕಡೆಗೆ ಮಲೆನಾಡಿನ ಚೊಗರಿನ ಮಾದರಿಗಳನ್ನು ವ್ಯವಸ್ಥಿತವಾಗಿ ಕಳುಹಿಸಿ, ವ್ಯಾಟಲ್‌ನ ಜೊತೆ ಎಷ್ಟು ಪಾಲು ಬೆರೆಸಬಹುದೆಂದು ತಿಳಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ಲೈವುಡ್ಡಿನ ಅಂಟಿಗೂ, ತುಕ್ಕು ಹಿಡಿದ ಕಬ್ಬಿಣಕ್ಕೆ ಬಣ್ಣದ ಮೊದಲು ಹಚ್ಚುವ ದ್ರವಕ್ಕೂ ಟ್ಯಾನಿನ್ ಬಳಕೆಯಾಗುತ್ತದೆ.

ಔಷಧದ ಮಾತಿಗೆ ಬಂದಾಗ ನಾನು ಬಹಳ ಎಚ್ಚರದಿಂದ ಬರೆಯಬೇಕಾಗಿದೆ, ಏಕೆಂದರೆ ಅಡಿಕೆಯ ಮೇಲಿನ ಅಭಿಮಾನದಿಂದ ನಮ್ಮವರು ಕೆಲವೊಮ್ಮೆ ಆಡಬಾರದ ಮಾತನ್ನೂ ಆಡುತ್ತಾರೆ. ಒಗರು ವಸ್ತುಗಳಿಗೆ ಔಷಧೀಯ ಗುಣವಿರುವುದು ನಿಜ. ಹೊಟ್ಟೆ ಕೆಟ್ಟಾಗ ದಾಳಿಂಬೆ ಸಿಪ್ಪೆಯ ಕಷಾಯ, ಪೇರಲೆ ಚಿಗುರು, ಬಾಯಿಹುಣ್ಣಿಗೆ ನೇರಳೆ ಚೆಕ್ಕೆಯ ನೀರು, ಇವೆಲ್ಲ ಮಾಡುವ ಕೆಲಸದ ಹಿಂದೆ ಟ್ಯಾನಿನ್ ಇದೆ. ಗಾಯದ ಅಥವಾ ಹುಣ್ಣಿನ ಮೇಲ್ಮೈಯ ಪ್ರೋಟೀನನ್ನು ಬಿಗಿದು ತೆಳ್ಳನೆಯ ಪೊರೆ ಕಟ್ಟುವುದರಿಂದ ಸ್ರಾವ ಕಡಿಮೆಯಾಗುತ್ತದೆ. ಆಯುರ್ವೇದದ ಖದಿರಾರಿಷ್ಟಕ್ಕೂ ಖದಿರಾದಿ ವಟಿಗೂ ಕಾಚಿನ ಮರವೇ ಮೂಲ. ದಕ್ಷಿಣ ಅಮೆರಿಕದ ಒಂದು ಮರದ ಕೆಂಪು ರಸದಿಂದ ತೆಗೆದ, ಟ್ಯಾನಿನ್ ವರ್ಗಕ್ಕೇ ಸೇರಿದ ಕ್ರೋಫೆಲೆಮರ್ ಎಂಬ ಸಾರಕ್ಕೆ, ಎಚ್‌ಐವಿ ಬಾಧಿತರ ಭೇದಿಯ ಚಿಕಿತ್ಸೆಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರ ಕೊನೆಯಲ್ಲಿ ಅನುಮತಿ ಕೊಟ್ಟಿದೆ.

ಆದರೆ ಇದೇ ಟ್ಯಾನಿನ್‌ನ ಚರಿತ್ರೆಯಲ್ಲಿ ಕೈಸುಟ್ಟುಕೊಂಡ ಪ್ರಸಂಗಗಳೂ ಇವೆ. 1925ರಲ್ಲಿ ಡೆಟ್ರಾಯಿಟ್‌ನ ವೈದ್ಯ ಡೇವಿಡ್‌ಸನ್ ಸುಟ್ಟ ಗಾಯಗಳಿಗೆ ಟ್ಯಾನಿಕ್ ಆಮ್ಲ ಹಚ್ಚುವ ಚಿಕಿತ್ಸೆಯನ್ನು ಪ್ರಕಟಿಸಿದಾಗ ಅದು ಜಗತ್ತಿನೆಲ್ಲೆಡೆ ಹಬ್ಬಿತು. ಗಾಯದ ಮೂಲಕ ದೇಹಕ್ಕೆ ಸೇರಿದ ಟ್ಯಾನಿಕ್ ಆಮ್ಲ ಯಕೃತ್ತಿಗೆ ಹಾನಿ ಮಾಡುತ್ತದೆಂದು ತಿಳಿದ ಮೇಲೆ 1940ರ ದಶಕದಲ್ಲಿ ಅದನ್ನು ಕೈಬಿಡಬೇಕಾಯಿತು. ಕಾಚಿನ ಹೆಸರನ್ನೇ ಹೊತ್ತ ಕೆಟೆಚಿನ್ ಎಂಬ ವಸ್ತುವಿನಿಂದ ಯುರೋಪಿನಲ್ಲಿ ಯಕೃತ್ತಿನ ಕಾಯಿಲೆಗೆ ಮಾಡಿದ್ದ ಮಾತ್ರೆಯನ್ನು, ಕೆಲವು ರೋಗಿಗಳಲ್ಲಿ ಕೆಂಪು ರಕ್ತಕಣಗಳು ನಾಶವಾದ ಕಾರಣ, 1985ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆದುಕೊಂಡರು. ಊಟದ ಜೊತೆ ಟ್ಯಾನಿನ್ ಹೆಚ್ಚು ಸೇರಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು.

ಚೊಗರಿನ ವಿಷಯದಲ್ಲಿ ಇನ್ನೂ ಒಂದು ಅಂಶವಿದೆ. ಅಡಿಕೆ ಬೇಯಿಸಿದ ನೀರಿಗೆ ಟ್ಯಾನಿನ್ ಒಂದೇ ಇಳಿಯುವುದಿಲ್ಲ, ಅರೆಕೋಲಿನ್ ಮೊದಲಾದ ಕ್ಷಾರಾಂಶಗಳೂ (ಆಲ್ಕಲಾಯ್ಡ್‌ಗಳು) ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿಯ ಒಳಪದರ ಗಡುಸಾಗಿ, ಕೊನೆಗೆ ತುತ್ತು ಇಡುವಷ್ಟೂ ಬಾಯಿ ತೆರೆಯಲಾಗದ ಕಾಯಿಲೆಯಲ್ಲಿ ಅಡಿಕೆಯ ಕ್ಷಾರಾಂಶದ ಜೊತೆಗೆ ಟ್ಯಾನಿನ್‌ಗೂ ಪಾಲಿದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ: ಚರ್ಮವನ್ನು ಕೊಳೆಯದಂತೆ ಬಿಗಿಯುವ ಗುಣವೇ ಬಾಯೊಳಗಿನ ನಾರನ್ನೂ ಕರಗದಂತೆ ಬಿಗಿಯುತ್ತದೆ. ನನ್ನ ವಿದ್ಯಾರ್ಥಿಗಳಲ್ಲೇ ಒಬ್ಬನಿಗೆ, ಮೂವತ್ತು ತುಂಬುವ ಮೊದಲೇ, ಎರಡು ಬೆರಳು ಬಾಯೊಳಗೆ ಹೋಗದ ಸ್ಥಿತಿ ಬಂದಿದ್ದನ್ನು ಕಣ್ಣಾರೆ ಕಂಡವನು ನಾನು. ಆದ್ದರಿಂದ ಚೊಗರನ್ನು ಹಲ್ಲುಪುಡಿ ಮಾಡಿ, ಪಾನಕ ಮಾಡಿ, ಔಷಧವೆಂದು ಮಾರುವ ಯೋಚನೆಗಳಿಗೆ ನನ್ನ ಬೆಂಬಲವಿಲ್ಲ. ಬೆಳೆಗಾರರಾದ ನಮ್ಮ ಬಾಯಿಂದಲೇ ಈ ಮಾತು ಬರಬೇಕು. ಬಟ್ಟೆಗೆ, ಚರ್ಮಕ್ಕೆ, ಮರಕ್ಕೆ, ಕಬ್ಬಿಣಕ್ಕೆ ಹೋಗಲಿ. ಹೊಟ್ಟೆಗೆ ಹೋಗುವ ಔಷಧವಾಗಬೇಕೆಂದರೆ ಕ್ಷಾರಾಂಶವನ್ನು ಬೇರ್ಪಡಿಸಿ, ಕ್ರಮಬದ್ಧ ಪರೀಕ್ಷೆಗಳನ್ನು ದಾಟಿಯೇ ಬರಲಿ.

ಈಗಿನ ವ್ಯಾಪಾರದ ರೀತಿಯನ್ನೂ ಹೇಳದೆ ಇರಲಾರೆ. ಚೊಗರು ಕೊಳ್ಳುವವರು ಇಲ್ಲವೇ ಇಲ್ಲವೆಂದಲ್ಲ. ಡಬ್ಬದ ಲೆಕ್ಕದಲ್ಲಿ ಅಲ್ಲಲ್ಲಿ ಕೊಳ್ಳುತ್ತಾರೆ. ಎರಡು ವರ್ಷಗಳ ಹಿಂದೆ ನಾನು ನಾಲ್ಕು ಡಬ್ಬ ಒಯ್ದಾಗ, ಕೊಳ್ಳುವವರು ಬೆರಳಲ್ಲಿ ಅದ್ದಿ, ಎರಡು ಬೆರಳಿನ ನಡುವೆ ಎಳೆ ಬರುವುದನ್ನು ನೋಡಿ ಬೆಲೆ ಹೇಳಿದರು. ಪಕ್ಕದಲ್ಲಿ ಇನ್ನೊಬ್ಬರು ತಂದಿದ್ದ ಡಬ್ಬಗಳಲ್ಲಿ ಬೆಲ್ಲದ ನೀರಿನ ವಾಸನೆ ಸ್ಪಷ್ಟವಾಗಿ ಬರುತ್ತಿತ್ತು. ಅವರದಕ್ಕೂ ಎಳೆ ಬಂತು, ನನಗೆ ಸಿಕ್ಕ ಬೆಲೆಯೇ ಅವರಿಗೂ ಸಿಕ್ಕಿತು. ಆಮೇಲೆ ನನ್ನ ಚೊಗರಿನ ಟ್ಯಾನಿನ್ ಪ್ರಮಾಣವನ್ನಾದರೂ ತಿಳಿದುಕೊಳ್ಳೋಣವೆಂದು ಒಂದು ಪ್ರಯೋಗಾಲಯಕ್ಕೆ ಬಾಟಲಿ ಒಯ್ದೆ. ಮಣ್ಣು, ನೀರು, ಗೊಬ್ಬರ ಬಿಟ್ಟು ಬೇರೆಯದಕ್ಕೆ ಶುಲ್ಕದ ಪಟ್ಟಿಯಲ್ಲಿ ಕಲಮು ಇಲ್ಲವೆಂದು ಹೇಳಿ ಬಾಟಲಿಯನ್ನು ಹಿಂದಕ್ಕೆ ಕೊಟ್ಟರು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಬೆಲೆ ಸಿಗುವ ಕಡೆ ಯಾರೂ ಒಳ್ಳೆಯದನ್ನು ಮಾಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಚೊಗರು ಸಿಗದೆ ಅಡಿಕೆಗೆ ಕೃತಕ ಬಣ್ಣ ಬಳಿಯುವ ದುರಭ್ಯಾಸ ಬೆಳೆದರೆ, ಅದರ ಕೆಟ್ಟ ಹೆಸರು ಇಡೀ ಮಲೆನಾಡಿನ ಕೆಂಪಡಿಕೆಗೆ ಬರುತ್ತದೆ.

ಇದಕ್ಕೆ ಹೊಸ ಶೋಧವೇನೂ ಬೇಕಾಗಿಲ್ಲ. ನಮ್ಮ ಹಳ್ಳಿಗಳ ಹಾಲಿನ ಡೇರಿಯಲ್ಲಿ ಪ್ರತಿದಿನ ಬೆಳಿಗ್ಗೆ ಕೊಬ್ಬಿನಂಶ ನೋಡಿ ಬೆಲೆ ಕೊಡುತ್ತಾರೆ. ಅದೇ ರೀತಿ ಚೊಗರಿಗೂ ಆಗಬೇಕು. ಹದಗಾರಿಕೆಯ ಘಟಕಗಳಲ್ಲಿ ಟ್ಯಾನಿನ್ ದ್ರವದ ಸಾಂದ್ರತೆ ಅಳೆಯಲು ಬಳಸುವ ಗಾಜಿನ ಮಾಪಕ ಹಾಲಿನ ಲ್ಯಾಕ್ಟೋಮೀಟರಿನಂತೆಯೇ ಇರುತ್ತದೆ. ಬೆಲ್ಲ ಬೆರೆಸಿದರೆ ಅದೊಂದೇ ಮೋಸಹೋಗಬಹುದಾದ್ದರಿಂದ ಜೆಲಾಟಿನ್ ಪರೀಕ್ಷೆಯನ್ನೂ ಮಾಡಬೇಕು: ಉಪ್ಪು ಬೆರೆಸಿದ ಜೆಲಾಟಿನ್ ನೀರಿಗೆ ಸೋಸಿದ ಚೊಗರಿನ ಹನಿ ಬಿದ್ದೊಡನೆ ಮೊಸರಿನಂತೆ ಗಸಿ ಕಟ್ಟಬೇಕು, ಬೆಲ್ಲದ ನೀರು ಕಟ್ಟುವುದಿಲ್ಲ. ಹತ್ತನೆಯ ತರಗತಿಯ ಮಕ್ಕಳೂ ಇದನ್ನು ಮಾಡಬಲ್ಲರು. ನನ್ನ ಮಕ್ಕಳು ಮಾಡಿದ್ದಾರೆ.

ಅಡಿಕೆ ವ್ಯವಹಾರದ ಸಹಕಾರ ಸಂಘಗಳು ಮನಸ್ಸು ಮಾಡಿದರೆ, ಮುಂದಿನ ಸುಗ್ಗಿಯಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಒಂದೊಂದು ಕಡೆಯಾದರೂ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪೀಪಾಯಿ ಇಟ್ಟು ಚೊಗರು ಸಂಗ್ರಹಿಸಬಹುದು. ಕಬ್ಬಿಣದ ಪೀಪಾಯಿ ಮಾತ್ರ ಬೇಡ. ಬೆಳೆಗಾರರೂ ತೆಳು ಚೊಗರನ್ನು ತರುವ ಬದಲು, ಕೊನೆಯ ಒಬ್ಬೆ ತೆಗೆದ ಮೇಲೆ ಒಲೆಯಲ್ಲಿ ಉಳಿದ ಕೆಂಡದ ಮೇಲೆಯೇ ಬತ್ತಿಸಿ, ಸಾಧ್ಯವಾದರೆ ತಟ್ಟೆಗಳಲ್ಲಿ ಹರವಿ ಬಿಸಿಲಿನಲ್ಲಿ ಒಣಗಿಸಿ ತರಬೇಕು. ಒಣಗಿದ ಚೊಗರಿಗೆ ಬೂಸಲು ಬರುವುದಿಲ್ಲ, ಸಾಗಿಸುವ ಖರ್ಚೂ ಕಡಿಮೆ. ಶಿವಮೊಗ್ಗದಲ್ಲಿ ನಮ್ಮದೇ ಆದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಯಾವ ಊರಿನ ಚೊಗರಿನಲ್ಲಿ, ಎಷ್ಟನೆಯ ಒಬ್ಬೆಯ ನಂತರ, ಎಷ್ಟು ಟ್ಯಾನಿನ್, ಎಷ್ಟು ಕ್ಷಾರಾಂಶ ಇದೆ ಎಂಬ ಪಟ್ಟಿಯನ್ನು ಒಂದು ಸುಗ್ಗಿಯೊಳಗೆ ಮಾಡಿ ಪ್ರಕಟಿಸಿದರೆ, ಕೊಳ್ಳುವವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಎಂಬ ನಂಬಿಕೆ ನನಗಿದೆ. ಚೇಣಿದಾರರು ನೂರಾರು ಕ್ವಿಂಟಲ್ ಅಡಿಕೆ ಬೇಯಿಸುವ ಕಡೆಗಳಲ್ಲಿ ಚೊಗರನ್ನೂ ಹಂಡೆ ತೊಳೆದ ನೀರನ್ನೂ ಹಳ್ಳಕ್ಕೆ ಬಿಡದಂತೆ ಗ್ರಾಮ ಪಂಚಾಯಿತಿಗಳು ನೋಡಿಕೊಳ್ಳಬೇಕು. ಕೊಳ್ಳುವ ಕೇಂದ್ರ ತೆರೆದ ಮೇಲೆ ಹಾಗೆ ಕೇಳುವ ಹಕ್ಕು ಪಂಚಾಯಿತಿಗೆ ಇನ್ನಷ್ಟು ಬಲವಾಗಿ ಬರುತ್ತದೆ.

ಈ ವರ್ಷದ ಚೊಗರನ್ನು ನಾನು ಮಾರಲಿಲ್ಲ. ಮೂರು ಪ್ಲಾಸ್ಟಿಕ್ ಪೀಪಾಯಿಗಳಲ್ಲಿ, ಎರಡನೆಯ, ನಾಲ್ಕನೆಯ ಮತ್ತು ಆರನೆಯ ಒಬ್ಬೆಯದನ್ನು ಬೇರೆ ಬೇರೆಯಾಗಿ ಬತ್ತಿಸಿ, ದಿನಾಂಕ ಬರೆದು ಕೊಟ್ಟಿಗೆಯ ಅಟ್ಟದ ಕೆಳಗೆ ಇಟ್ಟಿದ್ದೇನೆ. ಪರೀಕ್ಷಿಸಲು ಮುಂದೆ ಬರುವ ಯಾವುದೇ ಸಂಸ್ಥೆಗೆ ಅವನ್ನು ಉಚಿತವಾಗಿ ಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರ ಹಾಗೂ ನಿವೃತ್ತ ಶಿಕ್ಷಕ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ